ಹೆದ್ದಾರಿಯಲ್ಲಿ ನಿಲ್ಲುವ ಕಾರು ಗ್ಯಾರೇಜಿನ ಅಂಗಳದಲ್ಲಿ ನಿಲ್ಲುವುದಿಲ್ಲ

ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡು ಬೆಳಗಾವಿಯಿಂದ ಧಾರವಾಡಕ್ಕೋ ಕೊಲ್ಹಾಪುರಕ್ಕೋ ಆಗಾಗ ಹೋಗಿಬರುವವರು ಇದನ್ನು ಓದಿ. 1,400 ರೂಪಾಯಿಯ ಒಂದು ಬಿಡಿಭಾಗ ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ನಾನು 14,200 ರೂಪಾಯಿ ಬೇರೆ ಬೇರೆ ಗ್ಯಾರೇಜುಗಳಿಗೆ ಸುರಿದಿದ್ದೆ. ಹಣದ ಮಾತು ಹಾಗಿರಲಿ. ಕಾಯಿಲೆ ಏನೆಂದು ತಿಳಿಯದ ಕಾರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿದೆನಲ್ಲ, ಅದು ನನ್ನದೇ ತಪ್ಪು.

ಕಾರು 2004ರದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಅಲೆದು ನೋಂದಣಿ ನವೀಕರಿಸಿಕೊಂಡಿದ್ದೇನೆ. ಮಾರಿಬಿಡು ಎನ್ನುವವರಿಗೆ ಕಡಿಮೆಯಿಲ್ಲ. ಟಿಳಕವಾಡಿಯ ಮನೆಯಿಂದ ಕೆಲಸದ ಜಾಗ ನಾಲ್ಕು ಕಿಲೋಮೀಟರ್. ಅಷ್ಟರ ಓಡಾಟಕ್ಕೆ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಮೊದಲ ಸಲ ನಿಂತದ್ದು ಎಂ.ಕೆ. ಹುಬ್ಬಳ್ಳಿ ಬಳಿ, ಮಲಪ್ರಭಾ ಸೇತುವೆ ದಾಟಿದ ಮೇಲೆ. ಎಂಬತ್ತರ ವೇಗದಲ್ಲಿದ್ದೆ. ಜರ್ಕ್ ಇಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಫ್ಯಾನಿನ ಸ್ವಿಚ್ ಆರಿಸಿದ ಹಾಗೆ ಎಂಜಿನ್ ಸುಮ್ಮನಾಯಿತು. ಬದಿಗೆ ಎಳೆದು ನಿಲ್ಲಿಸಿ ಎಷ್ಟು ಸೆಲ್ಫ್ ಹೊಡೆದರೂ ಏಳಲಿಲ್ಲ. ಇಪ್ಪತ್ತು ನಿಮಿಷದ ನಂತರ ಒಂದೇ ಸಲಕ್ಕೆ ಎದ್ದಿತು. ಧಾರವಾಡಕ್ಕೆ ಹೋಗಿ, ಸಂಜೆ ವಾಪಸ್ ಬರುವವರೆಗೂ ಏನೂ ಆಗಲಿಲ್ಲ. ಹೀಗೆ ತಾನಾಗಿಯೇ ವಾಸಿಯಾಗುವ ಕಾಯಿಲೆಯನ್ನು ಯಾರಿಗೆ ತೋರಿಸುವುದು?

ತೋರಿಸಿದೆ. ಮೊದಲ ಗ್ಯಾರೇಜಿನವರು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದು 2,200 ತೆಗೆದುಕೊಂಡರು. ಗೋವಾವೇಸ್ ಸರ್ಕಲ್‌ವರೆಗೆ ಒಂದು ಸುತ್ತು ಹೊಡೆದು ಬಂದು, "ಸರ್, ಗಾಡಿ ಬೆಣ್ಣೆಯಾಗಿದೆ" ಎಂದರು. ಅದು ಮೊದಲೂ ಬೆಣ್ಣೆಯೇ ಆಗಿತ್ತು! ಎರಡನೆಯವರು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದರು, ದೋಷದ ಕೋಡ್ ಯಾವುದೂ ಬರಲಿಲ್ಲ. ಕೋಡ್ ಇಲ್ಲವೆಂದರೆ ದೋಷವಿಲ್ಲ ಎಂದು ಅರ್ಥವಲ್ಲ. ಅಷ್ಟು ಹಳೆಯ ಕಾರಿನ ಕಂಪ್ಯೂಟರ್ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅವರು ಕಿಡಿ ಕೊಡುವ ಪ್ಲಗ್, ವೈರು, ಕಾಯಿಲ್ ಬದಲಿಸಿದರು: 4,600. ಮೂರನೆಯವರು ಬಾನೆಟ್ ತೆರೆಯುವ ಮುನ್ನವೇ, "ಎಲ್ಲಾ ಎಥೆನಾಲ್ ಪೆಟ್ರೋಲಿನ ಮಹಿಮೆ ಸರ್, ಪಂಪ್ ಹೋಗಿದೆ" ಎಂದು ತೀರ್ಪು ಕೊಟ್ಟರು. ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ ಕುಳಿತು ಎಥೆನಾಲನ್ನು ಬೈಯುವುದು ಒಂದು ಮಜಾ. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳಿಗೆ ಅದು ಒಗ್ಗದು ಎಂಬುದು ನಿಜವೇ. ಆದರೆ ಅವರು ಪೆಟ್ರೋಲಿನ ಒತ್ತಡವನ್ನು ಗೇಜ್ ಹಚ್ಚಿ ಅಳೆಯಲಿಲ್ಲ. ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಅದು ಸುಮಾರು ಮೂರು ಬಾರ್ ಇರಬೇಕು. ಐದು ನಿಮಿಷದ ಕೆಲಸ. ಅಳೆಯದೆಯೇ ಪಂಪ್ ಮತ್ತು ಫಿಲ್ಟರ್ ಹಾಕಿದರು: 7,400.

ಹೊಸ ಪಂಪ್ ಹಾಕಿಸಿದ ಧೈರ್ಯದ ಮೇಲೆ ಡಿಸೆಂಬರಿನಲ್ಲಿ ಅವ್ವನನ್ನು ಧಾರವಾಡದ ಮದುವೆಗೆ ಕರೆದುಕೊಂಡು ಹೋದೆ. ವಾಪಸ್ ಬರುವಾಗ ರಾತ್ರಿ ಒಂಬತ್ತರ ಸುಮಾರಿಗೆ, ಕಿತ್ತೂರು ಇನ್ನೇನು ಬಂತು ಎನ್ನುವಾಗ, ಮತ್ತೆ ಅದೇ ಮೌನ. ಬಲಗಡೆಯ ಲೇನಿನಲ್ಲಿದ್ದೆ. ಕ್ಲಚ್ ಒತ್ತಿಕೊಂಡು ಎಡಕ್ಕೆ ತಿರುಗಿಸಲು ಹೋದರೆ ಸ್ಟೀರಿಂಗ್ ಬೀಸುಕಲ್ಲಿನಷ್ಟು ಭಾರ. ಬ್ರೇಕು ಎರಡು ಸಲ ಒತ್ತುವವರೆಗೆ ಮಾತು ಕೇಳಿತು, ಮೂರನೆಯ ಸಲ ಪೆಡಲ್ ಕಲ್ಲಾಯಿತು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ತುಂಬುವ ನಿರ್ವಾತ ಉಳಿಯುವುದು ಅಷ್ಟೇ ಹೊತ್ತು. ಬ್ರೇಕು ಇಲ್ಲದಂತಾಗುವುದಿಲ್ಲ, ಆದರೆ ಹಲವು ಪಟ್ಟು ಬಲ ಹಾಕಿ ತುಳಿಯಬೇಕು. ಪಂಪ್ ಮಾಡಿದ ಹಾಗೆ ಮತ್ತೆ ಮತ್ತೆ ಒತ್ತಬೇಡಿ, ಒಂದೇ ಸಲ ಒತ್ತಿ ಹಿಡಿಯಿರಿ. ಗಾಬರಿಯಲ್ಲಿ ಕೀಲಿಯನ್ನು ಪೂರ್ತಿ ತಿರುಗಿಸಿ ಹೊರಗೆ ಎಳೆದಿರೋ, ಉರುಳುವ ಗಾಡಿಯಲ್ಲೇ ಸ್ಟೀರಿಂಗ್ ಲಾಕ್ ಆಗುತ್ತದೆ.

ಹೇಗೋ ಬದಿಗೆ ತಂದೆ. ಇಂಡಿಕೇಟರುಗಳನ್ನು ಹಾಕಿ, ಅವ್ವನನ್ನು ಎಡಬಾಗಿಲಿನಿಂದ ಇಳಿಸಿ ಕಬ್ಬಿಣದ ತಡೆಗಂಬಿಯ ಆಚೆ ನಿಲ್ಲಿಸಿದೆ. ಅಷ್ಟರಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಹಿಂದೆ ದೀಪವಿಲ್ಲ, ಸೀಳುದನಿಯ ಹಾಡು ಮಾತ್ರ ಜೋರಾಗಿದೆ. ಹೊರಚಾಚಿದ ಜಲ್ಲೆಗಳು ನನ್ನ ಬದಿಯ ಕನ್ನಡಿಯನ್ನು ಟರ್ರೆಂದು ಕೆರೆದುಕೊಂಡು ಹೋದವು. ಒಂದು ಗೇಣು ಇತ್ತ ಬಂದಿದ್ದರೆ, ಬಾಗಿಲ ಬಳಿ ನಿಂತಿದ್ದ ನಾನು ಇದನ್ನು ಬರೆಯುತ್ತಿರಲಿಲ್ಲ. "ಹೊಸದು ಹಾಕಿಸಿದೆ ಅಂದೆಯಲ್ಲೋ?" ಎಂದು ಅವ್ವ ಕತ್ತಲಿನಿಂದ ಕೇಳಿದಳು. 1033ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು, ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಮರುವಾರ ಮೂರನೆಯ ಗ್ಯಾರೇಜಿನವರು, "ಹಾಗಾದರೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೋಗಿರಬೇಕು, 18,000 ಆಗುತ್ತದೆ" ಎಂದರು. ಅಲ್ಲಿಂದ ಎದ್ದು ಬಂದೆ.

ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಪಕ್ಕದ ಗಲ್ಲಿಯ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಕರೆದೊಯ್ದ. ಅರವತ್ತು ದಾಟಿದವರು, ಎಲ್ಲರಿಗೂ ಕಾಕಾ. ಅವರು ಬಾನೆಟ್ ತೆರೆಯಲಿಲ್ಲ, ಸ್ಟೂಲು ಕೊಟ್ಟು ಕೂರಿಸಿ, ಎಂಜಿನ್ ತಿರುಗುವ ವೇಗ ತೋರಿಸುವ ಮುಳ್ಳಿನ ಬಗ್ಗೆ ಕೇಳಿದರು.

"ಗಾಡಿ ನಿಂತಾಗ ಆರ್‌ಪಿಎಂ ಮುಳ್ಳು ಏನು ಮಾಡಿತು, ಸಾಹೇಬರೇ?"

"ತಟ್ಟನೆ ಸೊನ್ನೆಗೆ ಬಿತ್ತು ಕಾಕಾ."

"ಆಗ ಕಾಲು ಕ್ಲಚ್ಚಿನ ಮೇಲಿತ್ತೋ?"

ಈ ಪ್ರಶ್ನೆಯನ್ನು ಮೂರು ಗ್ಯಾರೇಜುಗಳಲ್ಲಿ ಯಾರೂ ಕೇಳಿರಲಿಲ್ಲ. ಇರಲಿಲ್ಲ, ಕ್ಲಚ್ ಒತ್ತಿದ್ದು ಆಮೇಲೆ; ಮುಳ್ಳು ಬಿದ್ದಾಗ ಗಾಡಿ ಗೇರಿನಲ್ಲೇ ಉರುಳುತ್ತಿತ್ತು. ಹಾಗಿದ್ದರೆ ಚಕ್ರಗಳು ಎಂಜಿನನ್ನು ತಿರುಗಿಸುತ್ತಲೇ ಇದ್ದವು ಎಂದಾಯಿತು. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ತೋರಿಸಿದರೆ, ಅದು ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ತಲುಪುತ್ತಿಲ್ಲ. ಸುದ್ದಿ ಮುಟ್ಟಿಸುವುದು ಕ್ರ್ಯಾಂಕ್ ಸೆನ್ಸರ್. ಸುದ್ದಿ ಇಲ್ಲದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಪೆಟ್ರೋಲಿನದೇ ತೊಂದರೆಯಾಗಿದ್ದರೆ ಗಾಡಿ ಮೊದಲು ಎಳೆಯಲಾರದೆ ಏದುಸಿರು ಬಿಡುತ್ತದೆ, ಜರ್ಕ್ ಹೊಡೆಯುತ್ತದೆ, ಮುಳ್ಳು ವೇಗದ ಜೊತೆಗೇ ಮೆಲ್ಲಗೆ ಇಳಿಯುತ್ತದೆ. ಮೇನ್ ರಿಲೇಯೋ ಕೀಲಿಯ ಸ್ವಿಚ್ಚೋ ಸವೆದಿದ್ದರೂ ತಟ್ಟನೆ ನಿಲ್ಲಬಹುದು, ಆಗ ಡ್ಯಾಶ್‌ಬೋರ್ಡಿನ ದೀಪಗಳೂ ತಪ್ಪಿ ನಡೆಯುತ್ತವೆ. ಕೀಲಿಗೆ ಮನೆಯ ಬೀಗದ ಕೈಗೊಂಚಲನ್ನೆಲ್ಲ ತೂಗುಹಾಕುವವರಿಗೆ ಕಾಕಾ ಬೈದದ್ದೇ ಬೈದದ್ದು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೂ ಗಾಡಿ ನಿಲ್ಲುತ್ತದಂತೆ. ನಿಂತ ಕೂಡಲೇ ಮುಚ್ಚಳ ತೆರೆದರೆ ಅದು ಜೋರಾಗಿ ಉಸಿರೆಳೆದುಕೊಳ್ಳುತ್ತದೆ.

ಆಮೇಲೆ ಸೆನ್ಸರ್ ಬಿಚ್ಚಿ ಮೇಜಿನ ಮೇಲಿಟ್ಟರು. ಹೆಬ್ಬೆರಳಿಗಿಂತ ಚಿಕ್ಕದು, ಎರಡು ತಂತಿ, ಮೈತುಂಬ ಎಣ್ಣೆಮಣ್ಣು. ಮಲ್ಟಿಮೀಟರ್ ಹಚ್ಚಿದರೆ 560 ಓಂ. "ತಣ್ಣಗಿರುವಾಗ ಸಂಭಾವಿತ" ಎಂದು ನಕ್ಕು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರು. 590, 640, 700. ತಾಮ್ರದ ತಂತಿ ಬಿಸಿಯಾದರೆ ಇಷ್ಟು ಏರುವುದು ಸಹಜ ಎಂದರು. ಅಂಕಿ ಒಂದು ಸಲ ಅತ್ತಿತ್ತ ಕುಣಿದು ಮಾಯವಾಯಿತು. ಒಳಗಿನ ತಂತಿ ಬಿಟ್ಟುಕೊಂಡಿತ್ತು. ಯಂತ್ರ ಆರಿಸಿ ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದೇ 560 ಮತ್ತೆ ಮೀಟರಿನಲ್ಲಿ ಬಂದು ಕುಳಿತಿತ್ತು. ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ, ಗೋವಾವೇಸಿನ ಸುತ್ತಿನಲ್ಲಿ ಸೆನ್ಸರ್ ಅಷ್ಟು ಕಾಯುವುದೇ ಇಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ಎಡೆಬಿಡದೆ ಓಡಿದಾಗ ಮಾತ್ರ ಕಾಯುತ್ತಿತ್ತು.

ಹೊಸ ಸೆನ್ಸರ್ 1,400, ಮಜೂರಿ 300. ನಾಲ್ಕು ತಿಂಗಳಾಯಿತು, ನಿಪ್ಪಾಣಿಯ ಕಡೆಯ ತವಂದಿ ಘಾಟಿಯನ್ನೂ ಹತ್ತಿಸಿ ಇಳಿಸಿದ್ದೇನೆ, ಒಮ್ಮೆಯೂ ನಿಂತಿಲ್ಲ.

ನಿಮ್ಮ ಗಾಡಿ ಹೀಗೆ ನಿಂತರೆ ಮುಳ್ಳು, ದೀಪ, ಜರ್ಕ್, ಎಷ್ಟು ಕಿಲೋಮೀಟರ್ ಓಡಿತ್ತು, ಎಷ್ಟು ನಿಮಿಷಕ್ಕೆ ಎದ್ದಿತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಏನು ಅಳೆದಿರಿ, ಎಷ್ಟು ಬಂತು ಎಂದು ಮೆಕ್ಯಾನಿಕ್‌ನನ್ನು ಕೇಳಿ; ಅಂಕಿ ಹೇಳದವರಿಗೆ ಬಿಡಿಭಾಗ ಬದಲಿಸಲು ಬಿಡಬೇಡಿ. ಬಿಚ್ಚಿದ ಹಳೆಯ ಭಾಗವನ್ನು ಅಂದೇ ವಾಪಸ್ ಪಡೆಯಿರಿ. ನಾನು ಕಳೆದ ವಾರ ನನ್ನ ಹಳೆಯ ಪಂಪ್ ಕೇಳಲು ಹೋಗಿದ್ದೆ. ಗುಜರಿಗೆ ಹಾಕಿದೆವು ಎಂದರು. ಯಾವ ಗುಜರಿಗೆ ಎಂದು ಕೇಳಿದೆ. ಹುಡುಗ ಮಾಲೀಕರ ಮುಖ ನೋಡಿದ, ಮಾಲೀಕರು ಫೋನ್ ನೋಡಿದರು.