ಏಳನೇ ತಲೆಮಾರಿನ ಪ್ರೊಸೆಸರಿನಲ್ಲಿ ವಿಂಡೋಸ್ 11: ದಿನವೂ ಸಲೀಸು, ವರ್ಷಕ್ಕೊಮ್ಮೆ ಗೋಳು

ಬೆಟಗೇರಿಯ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿರುವುದು ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್. ಮೈಕ್ರೊಸಾಫ್ಟ್ ಕಂಪನಿಯ ವಿಂಡೋಸ್ 11ಕ್ಕೆ ಎಂಟನೆಯದು ಬೇಕು. ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದರಲ್ಲೂ ಇದೆ, ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ಚಾಲೂ ಮಾಡಿದರೆ ಸಾಕು. ಕಂಪ್ಯೂಟರ್ ಶುರುವಾಗುವಾಗ ಕಾವಲು ಕಾಯುವ ಸೆಕ್ಯೂರ್ ಬೂಟ್ ಕೂಡ ಇದೆ. ಅಡ್ಡ ಬಂದದ್ದು ಪ್ರೊಸೆಸರಿನ ವಯಸ್ಸು. ಆದರೆ ಅದೇ ಏಳನೇ ತಲೆಮಾರಿನ ಐ7-7820ಎಚ್‌ಕ್ಯೂ ಅರ್ಹರ ಪಟ್ಟಿಯಲ್ಲಿದೆ. ಕಂಪನಿಯ ಸ್ವಂತ ಕಂಪ್ಯೂಟರಾದ ಸರ್ಫೇಸ್ ಸ್ಟುಡಿಯೊ 2ರಲ್ಲಿರುವ ಚಿಪ್ ಅದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ಹೊಸ ಕಂಪ್ಯೂಟರಿಗೆ ಹಾಕುವ ದುಡ್ಡು ಕಟಿಂಗ್ ಯಂತ್ರದ ಕಂತಿಗೆ ಬೇಕಿತ್ತು. ಹಾಗಾಗಿ ಪ್ರೊಸೆಸರಿನ ತಪಾಸಣೆ ದಾಟಲು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಪಟ್ಟಿಯಲ್ಲಿ, ಮೊಸೆಟಪ್ ಎಂಬಲ್ಲಿ ಒಂದು ನಮೂದು ಸೇರಿಸಿ, ಅದಕ್ಕೆ 1 ಕೊಟ್ಟು, ಪೂರ್ತಿ ವಿಂಡೋಸ್ ಇರುವ ಐಎಸ್‌ಒ ಕಡತದಿಂದ ಸೆಟಪ್ ಓಡಿಸಿದೆ. 2021ರಲ್ಲಿ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದಿದ್ದ ದಾರಿಯಿದು, ಆಮೇಲೆ ಅಳಿಸಿತು. ಅಪ್‌ಡೇಟ್ ಕೇಳುವ ಹಕ್ಕು ನಿಮಗಿಲ್ಲ ಎಂಬ ಒಕ್ಕಣೆಗೆ ನಡುವೆ ಒಪ್ಪಿಗೆ ಕೊಡಬೇಕಾಗುತ್ತದೆ. ನುಡಿ, ಹಳೆಯ ಪೇಜ್‌ಮೇಕರ್, ಗಿರಾಕಿಗಳ ಕಡತ ಎಲ್ಲವೂ ಇದ್ದಲ್ಲೇ ಉಳಿದವು. ವೇಗದ ಬಗ್ಗೆ ಹೇಳುವಂಥದ್ದೇನಿಲ್ಲ, ಎಸ್‌ಎಸ್‌ಡಿ ಇದ್ದರೆ ಸಾಕು.

ನಾನು ನಿರೀಕ್ಷಿಸದೇ ಇದ್ದ ಸುಖವೆಂದರೆ ಫೈಲ್ ಎಕ್ಸ್‌ಪ್ಲೋರರಿನ ಟ್ಯಾಬ್‌ಗಳು. ಬೆಳಿಗ್ಗೆ ಮಾನಿಟರಿಗೆ ಊದಿನಕಡ್ಡಿ ಬೆಳಗಿ ಕುಳಿತವನು ಮೊದಲು ಅವನ್ನೇ ಜೋಡಿಸುತ್ತೇನೆ: ಒಂದರಲ್ಲಿ ಲಗ್ನಪತ್ರಿಕೆ, ಇನ್ನೊಂದರಲ್ಲಿ ಬಿಲ್ ಪುಸ್ತಕ, ಮತ್ತೊಂದರಲ್ಲಿ ಜಾತ್ರೆಯ ಕರಪತ್ರ. ವಿಂಡೋಸ್ ಕೀಲಿಯ ಜೊತೆ ಝಡ್ ಒತ್ತಿದರೆ ಪರದೆಯನ್ನು ಪಾಲು ಮಾಡುವ ಚೌಕಗಳು ಬರುತ್ತವೆ. ಎಡಕ್ಕೆ ಪೇಜ್‌ಮೇಕರ್, ಬಲಕ್ಕೆ ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹಾಳೆಯ ಫೋಟೊ. ಸುಖಾಗಮನ ಬಯಸುವವರ ಹೆಸರುಗಳು ಅದರಲ್ಲಿ ಕೆಳಗೆ ಜಾಗ ಸಾಲದೆ ಅಂಚು ಹಿಡಿದು ಮೇಲಕ್ಕೆ ಏರಿರುತ್ತವೆ. ಬೀಗರ ಕಡೆಯ ಒಂದು ಹೆಸರು ಬಿಟ್ಟುಹೋದರೂ ಪೂರ್ತಿ ಮರುಮುದ್ರಣ, ಅದೂ ನನ್ನ ಖರ್ಚಿನಲ್ಲಿ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡುತ್ತೇನೆ.

ಗೋಳು ಇರುವುದು ಬೇರೆ ಕಡೆ. ತಿಂಗಳ ಭದ್ರತಾ ಅಪ್‌ಡೇಟ್ ನನಗೆ ತಪ್ಪದೆ ಬರುತ್ತಿದೆ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ. ಬಂದಿಲ್ಲವೆಂದೂ ಹೇಳುವುದಿಲ್ಲ, ಎಲ್ಲ ಸರಿಯಿದೆ ಎಂದು ಹಸಿರು ಗುರುತು ತೋರಿಸಿ ಸುಮ್ಮನಾಗುತ್ತದೆ. ಹೋಮ್ ಮತ್ತು ಪ್ರೊ ಬಳಸುವವರಿಗೆ ಇಂಥ ಒಂದೊಂದು ಆವೃತ್ತಿಗೂ ಬೆಂಬಲ ಇರುವುದೇ 24 ತಿಂಗಳು. 2023ರ ಆವೃತ್ತಿಯಾದ 23ಎಚ್2ರ ಅವಧಿ 2025ರ ನವೆಂಬರ್ 11ಕ್ಕೆ ಮುಗಿಯಿತು. ಹಸಿರು ಗುರುತನ್ನು ನಂಬಿ ಅದರಲ್ಲೇ ಕುಳಿತವರಿಗೆ ತಿಂಗಳ ಅಪ್‌ಡೇಟೂ ನಿಂತಿತು. ಆದ್ದರಿಂದ ಪ್ರತಿ ಸಲ ನಾವೇ ನೆನಪಿಟ್ಟು ಐದು ಜಿಬಿಗೂ ಮಿಕ್ಕಿದ ಕಡತ ಇಳಿಸಿಕೊಂಡು ಸೆಟಪ್ ಓಡಿಸಬೇಕು. ಕಳೆದ ಬಾರಿ ಅದು ಮುಗಿಯುವ ಹೊತ್ತಿಗೆ ಪ್ರಿಂಟರಿನ ಕಾಗದದ ಅಳತೆ ಎ4 ಹೋಗಿ ಲೆಟರ್ ಆಗಿತ್ತು. ಎದುರಿಗೆ ಗಿರಾಕಿ, ಹೊರಗೆ ಅವರ ಟಂಟಂ ಕಾಯುತ್ತಿದೆ. ಆ ದಿನ ಕೇಳಿದ್ದರೆ ಒಂದೇ ನಕ್ಷತ್ರ ಕೊಡುತ್ತಿದ್ದೆ.

ಸಿಟ್ಟು ಇಳಿದ ಮೇಲೆ ಮೂರೂವರೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನನ್ನಂತೆ ಆರನೇ, ಏಳನೇ ತಲೆಮಾರಿನವರು, ಕಡತಗಳ ಬ್ಯಾಕಪ್ ಇಟ್ಟುಕೊಂಡವರು, ಧೈರ್ಯವಾಗಿ ಮಾಡಬಹುದು. ಇನ್ನೂ ಹಳೆಯ ಕೋರ್ 2 ಡುಯೋ ಪ್ರೊಸೆಸರ್ ಇಟ್ಟುಕೊಂಡವರು ಕೈಹಾಕಬೇಡಿ: 24ಎಚ್2ರಿಂದ ಪಾಪ್‌ಕೌಂಟ್ ಎಂಬ ಸೂಚನೆ ಗೊತ್ತಿಲ್ಲದ ಪ್ರೊಸೆಸರಿನಲ್ಲಿ ವಿಂಡೋಸ್ ಏಳುವುದೇ ಇಲ್ಲ, ರಿಜಿಸ್ಟ್ರಿಯಲ್ಲಿ ಏನು ಬರೆದರೂ ಅಷ್ಟೇ. ಹೊಸ ಆವೃತ್ತಿ ಬಂದ ಕೂಡಲೇ ಹಾಕುವ ಆತುರವೂ ಬೇಡ. ನಾನಂತೂ ಆ ಕೆಲಸವನ್ನು ಇನ್ನು ಆಷಾಢಕ್ಕೆ ಇಟ್ಟುಕೊಳ್ಳುತ್ತೇನೆ. ಆಗ ಲಗ್ನಪತ್ರಿಕೆ ಕೇಳಿಕೊಂಡು ಯಾರೂ ಬರುವುದಿಲ್ಲ.