ಸೆಕೆಂಡ್ ಹ್ಯಾಂಡ್ ಬೆಂಚ್ ಮೀಟರ್ ತಗೊಳ್ಳೋಕೆ ಹೊರಟಿದ್ದೀರಾ? ಒಂದು ಮೆಗಾಓಮ್ ರೆಸಿಸ್ಟರ್ ಜೇಬಲ್ಲಿರಲಿ

ತುಮಕೂರು, ಗುಬ್ಬಿ, ಶಿರಾ ಕಡೆ ಕಾರ್ಡ್ (ಸರ್ಕ್ಯೂಟ್ ಬೋರ್ಡ್) ರಿಪೇರಿ ಮಾಡೋ ಎಲ್ಲರೂ ದಯವಿಟ್ಟು ಇದನ್ನ ಪೂರ್ತಿ ಓದಿ. ನನ್ನ 26 ಸಾವಿರ ಹೋಯ್ತು. ದುಡ್ಡು ಹಾಳಾಗಲಿ, ಗಿರಾಕಿ ಮುಂದೆ ಮರ್ಯಾದೆ ಹೋಯ್ತಲ್ಲ, ಅದು ಇನ್ನೂ ಉರೀತಿದೆ.

ಮೀಟರ್ ಎಚ್‌ಪಿ 34401ಎ, ಮೇಜಿನ ಮೇಲಿಟ್ಟು ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯೋದು, ಆರೂವರೆ ಡಿಜಿಟ್‌ನಷ್ಟು ಸೂಕ್ಷ್ಮ. ಮೀಟರ್ ಮೇಲೆ ನನಗೆ ಒಂದು ದೂರೂ ಇಲ್ಲ. ಎಚ್‌ಪಿ, ಅಜಿಲೆಂಟ್, ಕೀಸೈಟ್ ಅಂತ ಮೂರು ಹೆಸರಲ್ಲಿ ಬಂದು, ಪ್ರಪಂಚದ ಎಷ್ಟೋ ಲ್ಯಾಬ್‌ಗಳಲ್ಲಿ ದುಡಿದಿರೋ ಮಾಲು ಅದು. ದೂರು ಇರೋದು ಮಾರಿದವನ ಮೇಲೆ. ನಮ್ಮೂರಲ್ಲೇ ಹಳೇ ಎಲೆಕ್ಟ್ರಾನಿಕ್ ಸಾಮಾನು ಲಾಟ್‌ನಲ್ಲಿ ತಂದು ಮಾರ್ತಾನೆ. "ಫ್ಯಾಕ್ಟರಿ ಲ್ಯಾಬಿಂದ ಹರಾಜಲ್ಲಿ ತಂದಿದ್ದು ಅಣ್ಣ, ಒಂದು ಸ್ಕ್ರೂ ಸಹ ಬಿಚ್ಚಿಲ್ಲ" ಅಂದ. ಒಂದು ಸ್ಕ್ರೂ ಸಹ ಬಿಚ್ಚಿಲ್ಲ. ಈ ಮಾತು ನೆನಪಿಟ್ಕೊಳ್ಳಿ.

ಆನ್ ಮಾಡಿ ತೋರಿಸಿದ. 9 ವೋಲ್ಟ್ ಬ್ಯಾಟರಿ ಇಟ್ಟ, ಸರಿಯಾಗಿ ತೋರಿಸ್ತು. ಲೀಡ್ ಎರಡೂ ಮುಟ್ಟಿಸಿದ, ಬೀಪ್ ಬಂತು. ಡ್ರಾಯರಿಂದ ತಾನೇ ಒಂದು 100 ಓಮ್ ರೆಸಿಸ್ಟರ್ ತೆಗೆದು ಇಟ್ಟ. ಅದೂ ಸರಿ. ಯಾಕೆ 100 ಓಮೇ ತೆಗೆದ ಅಂತ ಈಗ ಗೊತ್ತಾಗಿದೆ. ಬಿಲ್ ಕೇಳಿದ್ರೆ "18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗತ್ತಲ್ಲ ಅಣ್ಣ, ನಮ್ಮ ನಮ್ಮಲ್ಲಿ ಯಾಕೆ" ಅಂತ ಒಂದು ಚೀಟಿಯಲ್ಲಿ "ವರ್ಕಿಂಗ್ ಕಂಡೀಷನ್" ಅಂತ ಬರೆದುಕೊಟ್ಟ. ಈ ಲೈನಲ್ಲಿ ಎಲ್ಲರೂ ಹೀಗೇ ವ್ಯವಹಾರ ಮಾಡೋದು, ನಿಮಗೂ ಗೊತ್ತು.

ಗುಬ್ಬಿ ಕಡೆಯ ರೈತರೊಬ್ಬರು ಸೋಲಾರ್ ಪಂಪಿನ ಕಂಟ್ರೋಲರ್ ತಂದಿದ್ರು. ಅಡಿಕೆ ತೋಟಕ್ಕೆ ನೀರು ನಿಂತಿದೆ, ಬೇಗ ಮಾಡ್ಕೊಡಪ್ಪ ಅಂತ ಅಂಗಡಿಯಲ್ಲೇ ಕೂತಿದ್ರು. ಪ್ಯಾನಲ್ ವೋಲ್ಟೇಜ್ ಸೆನ್ಸ್ ಮಾಡೋ ಕಡೆ ಸಾಲಾಗಿ ಒಂದೊಂದು ಮೆಗಾಓಮ್‌ನ ರೆಸಿಸ್ಟರ್‌ಗಳು. ಒಂದರ ಒಂದು ಕಾಲಿನ ಬೆಸುಗೆ ಬಿಡಿಸಿ ಎತ್ತಿ ನೋಡಿದೆ, 1000 ಕಿಲೋಓಮ್ (ಅಂದ್ರೆ ಒಂದು ಮೆಗಾ) ಬರೋ ಕಡೆ 600 ಕಿಲೋಓಮ್. ಇನ್ನೊಂದು, ಅದೂ 600. "ಸ್ವಾಮಿ, ರೆಸಿಸ್ಟರ್ ಹೋಗಿವೆ, ಸಿಕ್ಕಿಬಿಡ್ತು" ಅಂದೆ. ಅವರ ಮುಖ ಅರಳ್ತು. ಹೊಸ ಪ್ಯಾಕೆಟ್ ಒಡೆದು, ಹಾಕೋ ಮುಂಚೆ ಅಳೆದೆ. ಒಂದು ಪರ್ಸೆಂಟ್‌ನ ಹೊಸ ರೆಸಿಸ್ಟರ್. 600 ಕಿಲೋಓಮ್!

ಕೈಕಾಲು ತಣ್ಣಗಾಯ್ತು. ನನ್ನ ಹಳೇ ಕೈ ಮೀಟರಲ್ಲಿ ಇಟ್ರೆ 1.00 ಮೆಗಾ. ಕಾರ್ಡಿನ ರೆಸಿಸ್ಟರೂ 1.00 ಮೆಗಾ. ಅವರ ಕಾರ್ಡಲ್ಲಿ ಆ ಜಾಗದಲ್ಲಿ ಏನೂ ತೊಂದರೆ ಇರಲೇ ಇಲ್ಲ. "ಈಗ ತಾನೇ ಸಿಕ್ಕಿಬಿಡ್ತು ಅಂದ್ಯಲ್ಲಪ್ಪ" ಅಂದ್ರು ಆ ಯಜಮಾನ್ರು. ಏನು ಹೇಳ್ಲಿ? 26 ಸಾವಿರದ ಮೀಟರ್ ಸುಳ್ಳು ಹೇಳ್ತು, ಕೈ ಮೀಟರ್ ನಿಜ ಹೇಳ್ತು ಅಂತಲಾ?

ರಾತ್ರಿ ಕೂತು ಒಂದೊಂದೇ ಅಳೆದೆ. 100 ಓಮ್ ಸರಿ. 10 ಕೆ (ಕಿಲೋಓಮ್) ಇಟ್ರೆ 9.93, ಯಾರಿಗೂ ಅನುಮಾನ ಬರಲ್ಲ. 100 ಕೆ ಇಟ್ರೆ 93.7. ಒಂದು ಮೆಗಾ ಇಟ್ರೆ 600. ಅಂದ್ರೆ ಒಳಗೆ ಎಲ್ಲೋ ಸುಮಾರು ಒಂದೂವರೆ ಮೆಗಾಓಮ್‌ನಷ್ಟು ಲೀಕೇಜ್, ನಾವು ಇಡೋ ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಕೂತಿದೆ. ಓಮ್ಸಲ್ಲಿ, ಅಂದ್ರೆ ರೆಸಿಸ್ಟೆನ್ಸ್ ಅಳೆಯೋವಾಗ, ಮೀಟರ್ ತಾನೇ ಕರೆಂಟ್ ಕಳಿಸಿ ವೋಲ್ಟೇಜ್ ನೋಡತ್ತೆ. 100 ಓಮ್ ರೇಂಜಲ್ಲಿ 1 ಮಿಲಿಆಂಪಿಯರ್ ಕಳಿಸತ್ತೆ, ಒಂದು ಮೆಗಾ ರೇಂಜಲ್ಲಿ ಬರೀ 5 ಮೈಕ್ರೋಆಂಪಿಯರ್. ಆ ಐದರಲ್ಲಿ ಎರಡು ಬೇರೆ ದಾರೀಲಿ ಸೋರಿಹೋದ್ರೆ ಉಳಿಯೋದೇನು? ಡಿಸಿ ವೋಲ್ಟ್ ಮಾತ್ರ ಸರಿ ಇತ್ತು, ಹಾಗಾಗಿ ತೊಂದರೆ ಓಮ್ಸ್ ಕಡೆಯ ಸರ್ಕ್ಯೂಟಲ್ಲೇ. ಯಾರೋ ಓಮ್ಸಲ್ಲಿಟ್ಟು ಮೇನ್ಸ್ ಮುಟ್ಟಿಸಿದ್ರೆ ಪ್ರೊಟೆಕ್ಷನ್ ಟ್ರಾನ್ಸಿಸ್ಟರ್ ಹೀಗೆ ಅರ್ಧಂಬರ್ಧ ಹೋಗತ್ತೆ.

ಬಿಚ್ಚಿದೆ. ಒಳಗೆ ಅದೇ ಜಾಗದಲ್ಲಿ ಕಂದು ಬಣ್ಣದ ಫ್ಲಕ್ಸ್ (ಬೆಸುಗೆಗೆ ಹಾಕೋ ಅಂಟು), ಕೈ ಬೆಸುಗೆ, ಸುಟ್ಟ ಟ್ರ್ಯಾಕ್. ಒಂದು ಸ್ಕ್ರೂ ಸಹ ಬಿಚ್ಚಿಲ್ಲವಂತೆ! ಇದಕ್ಕಿಂತ ಘೋರ ಇನ್ನೊಂದು. ಕರೆಂಟ್ ಅಳೆಯೋ ಕಡೆ ಹಿಂದೆ 3 ಆಂಪಿಯರ್ ಫ್ಯೂಸ್, ಒಳಗೆ 7 ಆಂಪಿಯರ್‌ದು ಇನ್ನೊಂದು ಇರತ್ತೆ. ಒಳಗಿನ ಫ್ಯೂಸಿಗೆ ತಾಮ್ರದ ಎಳೆ ಸುತ್ತಿ ಬೆಸುಗೆ ಹಾಕಿದ್ದಾರೆ. ತಪ್ಪಿ ಆ ಸಾಕೆಟಲ್ಲಿ ಲೀಡ್ ಇದ್ದು 230 ವೋಲ್ಟ್ ಮುಟ್ಟಿದ್ರೆ ಕೈಯಲ್ಲೇ ಸಿಡಿಯೋ ಅಪಾಯ ಇತ್ತು. ಇದನ್ನ ಮೋಸ ಅಂತ ಬಿಡೋಕಾಗಲ್ಲ, ಜೀವದ ಜೊತೆ ಆಟ.

ಅವನಿಗೆ ಫೋನ್ ಮಾಡಿದೆ. "ನಮ್ಮ ಹತ್ರ ಇದ್ದಾಗ ಸರಿ ಇತ್ತಲ್ಲ ಅಣ್ಣ." ಆಮೇಲೆ "ನಿಮ್ಮ ಲೀಡ್ ಸರಿ ಇಲ್ಲ, ಬೇರೆ ಹಾಕಿ ನೋಡಿ." ಬೇರೆ ಲೀಡ್ ಹಾಕಿ ವಿಡಿಯೋ ಕಳಿಸಿದೆ. "ಮೆಗಾಓಮ್ ಎಲ್ಲ ಯಾರು ಅಳೀತಾರೆ ಗುರು?" ಅಣ್ಣ ಹೋಗಿ ಗುರು ಆದೆ. ಒಳಗಿನ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ ಕೇಳಿ: "ಬಿಚ್ಚಿದ್ದೀರಲ್ಲ, ಬಿಚ್ಚಿದ ಮಾಲು ವಾಪಸ್ ಇಲ್ಲ." ಬಿಚ್ಚದಿದ್ರೆ ಪ್ರೂಫ್ ಎಲ್ಲಿ, ಬಿಚ್ಚಿದ್ರೆ ವಾಪಸ್ ಇಲ್ಲ! ಚೀಟಿ ನೆನಪು ಮಾಡಿದ್ರೆ "ವರ್ಕಿಂಗ್ ಅಂದ್ರೆ ಆನ್ ಆಗತ್ತೆ ಅಂತ." ಅಷ್ಟೇ. ಈಗ ಫೋನೇ ಎತ್ತಲ್ಲ.

ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಶ್ಶಲ್ಲಿ ಉಜ್ಜಿ ಫ್ಲಕ್ಸ್ ತೆಗೆದೆ, ಸ್ವಲ್ಪ ಸುಧಾರಿಸ್ತು. ಟ್ರಾನ್ಸಿಸ್ಟರ್ ಬದಲಾಯಿಸಿದ ಮೇಲೆ ಒಂದು ಮೆಗಾ ಒಂದು ಮೆಗಾ ಅಂತಲೇ ತೋರಿಸ್ತು. ಫ್ಯೂಸ್ ಸರಿಯಾದ್ದೇ ಹಾಕಿದೆ. ಆದ್ರೂ ಕ್ಯಾಲಿಬ್ರೇಷನ್ ಆಗದೆ ಅದರ ಕೊನೇ ಡಿಜಿಟ್‌ಗಳನ್ನ ನಂಬೋ ಹಾಗಿಲ್ಲ. ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು, ಅದರ ಖರ್ಚೂ ನನ್ನ ತಲೆ ಮೇಲೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ, ಚೀಟಿ, ಮೆಸೇಜ್ ಎಲ್ಲ ಇಟ್ಕೊಂಡಿದ್ದೀನಿ.

ನೀವು ಹೋದ್ರೆ ರೆಸಿಸ್ಟರ್ ನಿಮ್ಮದೇ ಒಯ್ಯಿರಿ, 100 ಕೆ ಒಂದು, ಒಂದು ಮೆಗಾ ಒಂದು. ಅವನ ಡ್ರಾಯರಿಂದ ತೆಗೆದದ್ದನ್ನ ನಂಬಬೇಡಿ. ದುಡ್ಡು ಕೊಡೋ ಮುಂಚೆ ಅವನ ಎದುರೇ ಮುಚ್ಚಳ ಬಿಚ್ಚಿಸಿ, ಒಪ್ಪದಿದ್ರೆ ಎದ್ದು ಬನ್ನಿ. ಅದೇ ಲಾಟ್‌ದು ಅಂತ ಇನ್ನೂ ಎರಡು ಮೀಟರ್ ಮೊನ್ನೆ ಸ್ಟೇಟಸ್ಸಲ್ಲಿ ಹಾಕಿದ್ದಾನೆ, "ಒಂದು ಸ್ಕ್ರೂ ಬಿಚ್ಚಿಲ್ಲ" ಅಂತಲೇ ಬರೆದಿದ್ದಾನೆ. ಅಡ್ವಾನ್ಸ್ ಕೊಟ್ಟಿರೋರು ಯಾರಾದ್ರೂ ಇದ್ರೆ ಇವತ್ತೇ ಹೋಗಿ ಒಳಗಿನ ಫ್ಯೂಸ್ ನೋಡಿ.