ಮೊದಲ ಕೆಲಸದ ಹುಡುಕಾಟಕ್ಕೆ ಲಿಂಕ್ಡ್‌ಇನ್ ಎಷ್ಟು ಉಪಯುಕ್ತ?

ಪದವಿ ಮುಗಿಸಿದವರು ವೃತ್ತಿ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದ ಕೂಡಲೇ ಮಾಡುವುದು ಬಹುತೇಕ ಒಂದೇ: ‘ಜಾಬ್ಸ್’ ವಿಭಾಗಕ್ಕೆ ಹೋಗಿ, ಕಣ್ಣಿಗೆ ಬಿದ್ದ ಹುದ್ದೆಗಳಿಗೆಲ್ಲ, ಅಲ್ಲಿಂದಲೇ ಅರ್ಜಿ ಕಳುಹಿಸುವ ‘ಈಸಿ ಅಪ್ಲೈ’ ಬಟನ್ ಒತ್ತುತ್ತ ಹೋಗುವುದು. ನೇಮಕಾತಿಗೆ ಬಂದ ಅರ್ಜಿಗಳನ್ನು ಓದುವ ಹೊಣೆಯನ್ನು ಹಲವು ವರ್ಷ ಹೊತ್ತು, ಈಗ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಿರುವ ನನಗೆ ಈ ಸೇವೆಯ ಎರಡೂ ಬದಿಗಳ ಪರಿಚಯವಿದೆ. ಆ ಅನುಭವದಿಂದ ಹೇಳುವುದಾದರೆ, ಫ್ರೆಶರ್‌ಗಳ ಪಾಲಿಗೆ ಲಿಂಕ್ಡ್‌ಇನ್‌ನ ಅತ್ಯಂತ ದುರ್ಬಲ ಭಾಗವೇ ಆ ಬಟನ್. ನಿಜಕ್ಕೂ ಬೆಲೆಬಾಳುವ ಭಾಗವೆಂದರೆ ಅವರದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ತೋರಿಸುವ ಪುಟ; ಅದನ್ನು ಹೆಚ್ಚಿನವರು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ಈ ಸೇವೆ ಹುಟ್ಟಿದ್ದು 2002ರ ಡಿಸೆಂಬರಿನಲ್ಲಿ. ಸಾರ್ವಜನಿಕರ ಬಳಕೆಗೆ ಬಂದದ್ದು 2003ರ ಮೇ ತಿಂಗಳಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಇದನ್ನು ಕೊಂಡುಕೊಂಡಿತು. ಆರಂಭದಲ್ಲಿ ಇದರ ಉದ್ದೇಶ ಈಗಾಗಲೇ ಉದ್ಯೋಗದಲ್ಲಿರುವವರು ತಮ್ಮ ವೃತ್ತಿಯ ಪರಿಚಯಸ್ಥರೊಂದಿಗೆ ಸಂಪರ್ಕ ಉಳಿಸಿಕೊಳ್ಳಲಿ ಎಂಬುದಾಗಿತ್ತು. ಉದ್ಯೋಗಗಳ ಪಟ್ಟಿ ಆಮೇಲೆ ಸೇರಿಕೊಂಡಿತು. ಈ ಹಿನ್ನೆಲೆಯ ಗುರುತು ಇಂದಿಗೂ ಪ್ರೊಫೈಲಿನ ವಿನ್ಯಾಸದಲ್ಲಿ ಉಳಿದಿದೆ. ಎಲ್ಲಿ, ಯಾವ ಹುದ್ದೆಯಲ್ಲಿ, ಎಷ್ಟು ಕಾಲ ದುಡಿದಿರಿ ಎಂದು ಕೇಳುವ ಜಾಗವೇ ಅದರ ಬಹುಪಾಲನ್ನು ಆಕ್ರಮಿಸಿಕೊಂಡಿರುವುದರಿಂದ, ಇನ್ನೂ ಎಲ್ಲಿಯೂ ಕೆಲಸ ಮಾಡದವರಿಗೆ ತಮ್ಮಲ್ಲಿ ಹೇಳಿಕೊಳ್ಳಲು ಏನೂ ಇಲ್ಲವೆಂಬ ಭಾವನೆ ಮೊದಲ ದಿನವೇ ಬರುತ್ತದೆ. ಅದು ಸರಿಯಾದ ಭಾವನೆಯಲ್ಲ.

ನೇಮಕಾತಿ ಮಾಡುವವರು ಲಿಂಕ್ಡ್‌ಇನ್‌ನಲ್ಲಿ ಅಭ್ಯರ್ಥಿಗಳನ್ನು ಹುಡುಕಿದಾಗ ಅವರ ಮುಂದೆ ಮೊದಲು ಬರುವುದು ಇಡೀ ಪ್ರೊಫೈಲ್ ಅಲ್ಲ. ಫೋಟೊ, ಹೆಸರು ಮತ್ತು ಹೆಸರಿನ ಕೆಳಗಿನ ಹೆಡ್‌ಲೈನ್ ಇರುವ ಒಂದು ಪುಟ್ಟ ಚೌಕ ಮಾತ್ರ ಕಾಣುತ್ತದೆ. ಒಳಗೆ ಹೋಗಿ ಓದಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಹೆಡ್‌ಲೈನಿಗೆ 220 ಅಕ್ಷರಗಳ ಅವಕಾಶವಿದ್ದರೂ, ಹೊಸದಾಗಿ ಖಾತೆ ತೆರೆದ ಬಹುಪಾಲು ಪದವೀಧರರ ಹೆಸರಿನ ಕೆಳಗೆ ಇಂಥ ಕಾಲೇಜಿನ ವಿದ್ಯಾರ್ಥಿ ಎಂಬುದಷ್ಟೇ ಇರುತ್ತದೆ. ನಾನು ಮಾರ್ಗದರ್ಶನ ಮಾಡಿದ ವಿದ್ಯಾರ್ಥಿನಿಯೊಬ್ಬಳು ಆ ಸಾಲನ್ನು ತೆಗೆದು, ‘ವಾಣಿಜ್ಯ ಪದವೀಧರೆ, ಲೆಕ್ಕಪತ್ರ ಮತ್ತು ಎಕ್ಸೆಲ್‌ನಲ್ಲಿ ತರಬೇತಿ ಪಡೆದಿದ್ದೇನೆ, ಆಡಿಟ್ ಸಹಾಯಕಿಯ ಹುದ್ದೆ ಹುಡುಕುತ್ತಿದ್ದೇನೆ’ ಎಂಬರ್ಥದ ಸಾಲನ್ನು ಹಾಕಿಕೊಂಡಳು. ಓದಿದವರಿಗೆ ಈಕೆ ಯಾರು, ಏನು ಬಲ್ಲಳು, ಏನು ಬೇಕಾಗಿದೆ ಎಂಬ ಮೂರೂ ಒಂದೇ ನೋಟಕ್ಕೆ ತಿಳಿಯುತ್ತವೆ. ಅನುಭವದ ಜಾಗದಲ್ಲಿ ಇಂಟರ್ನ್‌ಶಿಪ್, ಕಾಲೇಜಿನ ಪ್ರಾಜೆಕ್ಟ್, ಸ್ವಯಂಸೇವೆ ಯಾವುದನ್ನಾದರೂ ಹಾಕಬಹುದು. ಆದರೆ ಪ್ರಾಜೆಕ್ಟಿನ ಹೆಸರನ್ನಷ್ಟೇ ಬರೆದು ಸುಮ್ಮನಾದರೆ ಪ್ರಯೋಜನವಿಲ್ಲ. ನಾಲ್ವರ ತಂಡದಲ್ಲಿ ದತ್ತಾಂಶದ ತಪ್ಪುಗಳನ್ನು ಹುಡುಕಿ ಸರಿಪಡಿಸುವ ಕೆಲಸ ನನ್ನದಾಗಿತ್ತು ಎಂಬ ಒಂದು ವಾಕ್ಯ, ಪರಿಶ್ರಮಿ, ಉತ್ಸಾಹಿ ಎಂಬ ವಿಶೇಷಣಗಳ ಇಡೀ ಪ್ಯಾರಾಕ್ಕಿಂತ ಹೆಚ್ಚು ವಿಶ್ವಾಸ ಹುಟ್ಟಿಸುತ್ತದೆ.

ಇನ್ನು ‘ಈಸಿ ಅಪ್ಲೈ’ ವಿಚಾರ. ಅರ್ಜಿ ಸಲ್ಲಿಸುವುದು ಇದರಿಂದ ಸುಲಭವಾಗಿದೆ ಎಂಬುದು ನಿಜ, ಆದರೆ ಆ ಸೌಲಭ್ಯ ಎಲ್ಲರಿಗೂ ಇದೆ. ಒಂದೆರಡು ನಿಮಿಷದಲ್ಲಿ ಕಳುಹಿಸಬಹುದಾದ ಅರ್ಜಿಯನ್ನು ನೂರಾರು ಮಂದಿ ಕಳುಹಿಸುತ್ತಾರೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದನ್ನೊಂದು ಹೋಲುತ್ತವೆ. ಅರ್ಜಿಗಳನ್ನು ಓದುತ್ತಿದ್ದ ದಿನಗಳಲ್ಲಿ, ಹುದ್ದೆಯ ವಿವರಣೆಯನ್ನು ಓದಿಯೇ ಇಲ್ಲವೆಂದು ಮೊದಲ ಸಾಲಿನಲ್ಲೇ ತಿಳಿಯುವ ರೆಸ್ಯೂಮೆಗಳು ರಾಶಿರಾಶಿಯಾಗಿ ಬರುತ್ತಿದ್ದವು. ಆ ರಾಶಿಯ ನಡುವೆ ನಿಜಕ್ಕೂ ಅರ್ಹರಾದ ಹುಡುಗ ಹುಡುಗಿಯರ ಅರ್ಜಿಗಳೂ ಇದ್ದವೆಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಗೆಂದು ಈ ವಿಭಾಗವನ್ನು ಬಿಟ್ಟೇಬಿಡಬೇಕಾಗಿಲ್ಲ. ಅನುಭವದ ಮಟ್ಟದ ಫಿಲ್ಟರ್‌ನಲ್ಲಿ ‘ಎಂಟ್ರಿ ಲೆವೆಲ್’ ಮತ್ತು ‘ಇಂಟರ್ನ್‌ಶಿಪ್’ ಎರಡನ್ನೂ ಆರಿಸಿ, ಕಳೆದ 24 ಗಂಟೆಗಳಲ್ಲಿ ಪ್ರಕಟವಾದವುಗಳನ್ನು ಮಾತ್ರ ತೋರಿಸುವಂತೆ ಮಾಡಿ, ಅದೇ ಹುಡುಕಾಟಕ್ಕೆ ಜಾಬ್ ಅಲರ್ಟ್ ಇಟ್ಟುಕೊಂಡರೆ ದಿನವೂ ಪಟ್ಟಿ ಜಾಲಾಡುವ ಶ್ರಮ ಉಳಿಯುತ್ತದೆ. ‘ಎಂಟ್ರಿ ಲೆವೆಲ್’ ಎಂದು ಗುರುತಿಸಿದ ಹುದ್ದೆಗಳೂ ಎರಡು ಮೂರು ವರ್ಷದ ಅನುಭವ ಕೇಳುವುದುಂಟು. ಉಳಿದ ಅರ್ಹತೆಗಳು ಬಹುಮಟ್ಟಿಗೆ ಹೊಂದುವುದಾದರೆ ಅರ್ಜಿ ಹಾಕುವುದೇ ಒಳ್ಳೆಯದು. ಅರ್ಜಿಯನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಸ್ವೀಕರಿಸುವ ಹುದ್ದೆಗಳ ಪಕ್ಕದಲ್ಲಿ ಕಾಣುವ ದೊಡ್ಡ ಸಂಖ್ಯೆಗಳಿಗೂ ಹೆದರಬೇಕಾಗಿಲ್ಲ. ಲಿಂಕ್ಡ್‌ಇನ್ ಅಲ್ಲಿ ಎಣಿಸುವುದು ಬಟನ್ ಒತ್ತಿದವರನ್ನು. ಅವರೆಲ್ಲರೂ ಅರ್ಜಿಯನ್ನು ಪೂರ್ತಿಗೊಳಿಸಿರುತ್ತಾರೆ ಎಂದೇನಿಲ್ಲ.

ಈಗ ನಾನು ಮನಸಾರೆ ಮೆಚ್ಚುವ ಭಾಗಕ್ಕೆ ಬರುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಪುಟವನ್ನು ತೆರೆದು ‘ಅಲಮ್ನೈ’ ಎಂಬಲ್ಲಿ ಒತ್ತಿದರೆ, ಅಲ್ಲಿ ಓದಿದವರು ಈಗ ಯಾವ ಊರುಗಳಲ್ಲಿದ್ದಾರೆ, ಯಾವ ಸಂಸ್ಥೆಗಳಲ್ಲಿದ್ದಾರೆ, ಯಾವ ಬಗೆಯ ಕೆಲಸ ಮಾಡುತ್ತಿದ್ದಾರೆ, ಯಾವ ವಿಷಯ ಓದಿದ್ದರು ಎಂಬುದೆಲ್ಲ ಸಂಖ್ಯೆಗಳ ಸಮೇತ ಪಟ್ಟಿಯಾಗಿ ಕಾಣುತ್ತದೆ. ನಿಮ್ಮ ವಿಷಯವನ್ನು ಆರಿಸಿದರೆ ಪಟ್ಟಿ ಕಿರಿದಾಗುತ್ತದೆ. ಪದವಿ ಮುಗಿಸಿದ ವರ್ಷ ಹಾಕಿದರೆ ಇನ್ನಷ್ಟು ಕಿರಿದಾಗುತ್ತದೆ. ಸಸ್ಯಶಾಸ್ತ್ರ ಓದಿದವರು ಪ್ರಯೋಗಾಲಯದ ಜೊತೆಗೆ ಔಷಧ ಸಂಸ್ಥೆಗಳ ದಾಖಲಾತಿ ವಿಭಾಗದಲ್ಲೂ ಆಹಾರ ಗುಣಮಟ್ಟ ಪರೀಕ್ಷೆಯಲ್ಲೂ ಇದ್ದಾರೆ ಎಂಬಂಥ ಸಂಗತಿಗಳು ಅಲ್ಲಿ ಗೊತ್ತಾಗುತ್ತವೆ. ತನ್ನ ಪದವಿಯಿಂದ ಯಾವ್ಯಾವ ದಾರಿಗಳು ತೆರೆದುಕೊಳ್ಳುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ, ಅದೂ ಉಚಿತವಾಗಿ ತೋರಿಸುವ ಬೇರೊಂದು ಸಾಧನವನ್ನು ನಾನು ಕಂಡಿಲ್ಲ.

ಅಲ್ಲಿರುವವರು ನಮ್ಮ ಆಪ್ತರಲ್ಲದಿರುವುದೇ ಒಂದು ಅನುಕೂಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ, ಪರಿಚಯದ ಮೂಲಕ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಸುದ್ದಿ ಮುಟ್ಟಿಸಿದ್ದು ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರು ಎಂದು ತೋರಿಸಿದ್ದರು. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ; ದೂರದ ಪರಿಚಿತರು ಓಡಾಡುವ ವಲಯವೇ ಬೇರೆಯಾದ್ದರಿಂದ ಹೊಸ ಸುದ್ದಿ ಬರುವುದು ಅವರಿಂದ. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ವರದಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಈ ಮಾತಿಗೆ ಇನ್ನಷ್ಟು ಬಲ ಬಂತು. ತೀರಾ ದೂರದ ಪರಿಚಿತರಿಗಿಂತಲೂ ತೀರಾ ಆಪ್ತರಿಗಿಂತಲೂ, ಇಬ್ಬರಿಗೂ ಗೊತ್ತಿರುವವರು ಕೆಲವೇ ಮಂದಿ ಇರುವ ನಡುಮಟ್ಟದ ಪರಿಚಿತರಿಂದ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತದೆ ಎಂಬುದು ಅದರ ಮುಖ್ಯ ಫಲಿತಾಂಶ. ಒಂದೇ ಕಾಲೇಜಿನಲ್ಲಿ ಐದಾರು ವರ್ಷ ಮೊದಲು ಓದಿದವರು ಈ ವರ್ಣನೆಗೆ ಸರಿಯಾಗಿ ಹೊಂದುತ್ತಾರೆ.

ಅವರಿಗೆ ಬರೆಯುವ ರೀತಿಯೂ ಮುಖ್ಯ. ಉಚಿತ ಖಾತೆಯಿಂದ ಕನೆಕ್ಷನ್ ಕೋರಿಕೆಯ (ಸಂಪರ್ಕಪಟ್ಟಿಗೆ ಸೇರಿಸಿಕೊಳ್ಳಿ ಎಂಬ ಮನವಿಯ) ಜೊತೆಗೆ ಟಿಪ್ಪಣಿ ಕಳುಹಿಸಲು ತಿಂಗಳಿಗೆ ಬೆರಳೆಣಿಕೆಯಷ್ಟು ಅವಕಾಶಗಳಷ್ಟೇ ಇವೆ; ಜಾಗವೂ ಕಡಿಮೆ. ಹಾಗಾಗಿ ಮೊದಲ ಟಿಪ್ಪಣಿಯಲ್ಲೇ ‘ನನಗೊಂದು ಕೆಲಸ ಕೊಡಿಸಿ’ ಎಂದು ಕೇಳಬಾರದು. ಆ ಕಡೆ ಇರುವವರಿಗೆ ಮುಜುಗರವಾಗುತ್ತದೆ, ಉತ್ತರವೂ ಬರುವುದಿಲ್ಲ. ‘ನಮಸ್ಕಾರ ಮೇಡಂ, ನಾನು ನಿಮ್ಮ ಕಾಲೇಜಿನಲ್ಲೇ ಸಂಖ್ಯಾಶಾಸ್ತ್ರ ಓದಿ ಈ ವರ್ಷ ಮುಗಿಸಿದ್ದೇನೆ. ನೀವು ಈ ಕ್ಷೇತ್ರಕ್ಕೆ ಹೇಗೆ ಬಂದಿರಿ ಎಂದು ತಿಳಿಯುವ ಆಸೆ. ಬಿಡುವಿದ್ದಾಗ ಹತ್ತು ನಿಮಿಷ ಮಾತನಾಡಬಹುದೇ?’ ಎಂಬಷ್ಟು ಬರೆದರೆ ಸಾಕು. ಇಂಥ ಕೋರಿಕೆಗೆ ಉತ್ತರಿಸುವವರು ನಾವಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಆ ಮಾತುಕತೆಯಿಂದ ಕೆಲಸ ಸಿಗದೆ ಹೋದರೂ, ಸಂದರ್ಶನದಲ್ಲಿ ನಿಜಕ್ಕೂ ಏನು ಕೇಳುತ್ತಾರೆ, ಯಾವ ಸಾಫ್ಟ್‌ವೇರ್ ಕಲಿತಿರಬೇಕು ಎಂಬ ಮಾಹಿತಿಯಂತೂ ಸಿಕ್ಕೇ ಸಿಗುತ್ತದೆ.

ಹಣ ಕೊಟ್ಟು ಪಡೆಯುವ ‘ಪ್ರೀಮಿಯಂ ಕರಿಯರ್’ ಬಗ್ಗೆ ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಾರೆ. ಅದರಲ್ಲಿ ಪರಿಚಯವಿಲ್ಲದವರಿಗೂ ನೇರವಾಗಿ ಬರೆಯಬಹುದಾದ ಇನ್‌ಮೇಲ್ ತಿಂಗಳಿಗೆ ಐದು ಸಿಗುತ್ತವೆ, ಪ್ರೊಫೈಲ್ ನೋಡಿದವರ ಪಟ್ಟಿ ಕಾಣುತ್ತದೆ, ಲಿಂಕ್ಡ್‌ಇನ್ ಲರ್ನಿಂಗ್‌ನ ಕೋರ್ಸುಗಳೂ ತೆರೆದುಕೊಳ್ಳುತ್ತವೆ. ಕೋರ್ಸುಗಳು ಚೆನ್ನಾಗಿವೆ, ಆದರೆ ಇನ್ನೂ ದುಡಿಮೆ ಆರಂಭಿಸದವರು ಇದಕ್ಕಾಗಿ ಪ್ರತಿ ತಿಂಗಳು ಹಣ ತೆರುವುದನ್ನು ನಾನು ಒಪ್ಪುವುದಿಲ್ಲ. ಪ್ರಾಯೋಗಿಕ ಅವಧಿ ಉಚಿತವಾಗಿ ಸಿಕ್ಕರೆ, ಸಂದರ್ಶನಗಳು ಹತ್ತಿರವಿರುವ ತಿಂಗಳಿಗೆ ಅದನ್ನು ಉಳಿಸಿಕೊಂಡು ಬಳಸಿ, ಮುಗಿಯುವ ಮೊದಲೇ ರದ್ದು ಮಾಡುವುದು ಜಾಣತನ. ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸಲು ಫೋಟೊದ ಸುತ್ತ ಬರುವ ‘ಓಪನ್ ಟು ವರ್ಕ್’ ಹಸಿರು ಪಟ್ಟಿಯನ್ನು ಹಾಕಲು ಅನೇಕರು ಹಿಂಜರಿಯುತ್ತಾರೆ. ಈಗಿನ ಉದ್ಯೋಗದಾತರಿಂದ ಮುಚ್ಚಿಡುವಂಥದ್ದು ಏನೂ ಇಲ್ಲದ ಫ್ರೆಶರ್‌ಗಳು ಅದನ್ನು ಧೈರ್ಯವಾಗಿ ಹಾಕಿಕೊಳ್ಳಬಹುದು.

ಎಚ್ಚರ ವಹಿಸಬೇಕಾದದ್ದು ವಂಚಕರ ಬಗ್ಗೆ. ಮೊದಲ ಕೆಲಸಕ್ಕಾಗಿ ಕಾತರಿಸುತ್ತಿರುವವರೇ ಅವರ ಗುರಿ. ಎರಡು ಸಂದೇಶಗಳಾಗುವಷ್ಟರಲ್ಲಿ ಮಾತನ್ನು ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಸಾಗಿಸುವವರು, ಸಂದರ್ಶನವಿಲ್ಲದೆ ನೇಮಕ ಪತ್ರ ಕಳುಹಿಸುವವರು, ತರಬೇತಿ ಶುಲ್ಕ ಅಥವಾ ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳುವವರು ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಪ್ರಕಟಣೆಯನ್ನು ರಿಪೋರ್ಟ್ ಮಾಡಬೇಕು. ಪ್ರಕಟಿಸಿದವರ ಪ್ರೊಫೈಲಿನಲ್ಲಿ ದೃಢೀಕರಣದ ಗುರುತಿದೆಯೇ, ಅದೇ ಹುದ್ದೆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿಯೂ ಇದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಒಟ್ಟಿನಲ್ಲಿ ಕಚೇರಿಯ ಕೆಲಸ, ತಂತ್ರಾಂಶ, ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ, ಸಂಶೋಧನೆ ಮೊದಲಾದ ಕ್ಷೇತ್ರಗಳತ್ತ ನೋಡುತ್ತಿರುವ ಪದವೀಧರರಿಗೆ ಐದರಲ್ಲಿ ನಾಲ್ಕು ಅಂಕ ಕೊಟ್ಟು ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ಸರ್ಕಾರಿ ಹುದ್ದೆ, ಶಾಲಾ ಶಿಕ್ಷಕ ವೃತ್ತಿ, ಆಸ್ಪತ್ರೆಯ ಕೆಲಸ ಅಥವಾ ಚಿಕ್ಕ ಸಂಸ್ಥೆಗಳಲ್ಲಿ ಅವಕಾಶ ಹುಡುಕುತ್ತಿರುವವರಿಗೆ ಇದರ ಉಪಯೋಗ ಸೀಮಿತ. ಅವರು ಆಯಾ ಇಲಾಖೆ ಮತ್ತು ಸಂಸ್ಥೆಗಳ ಅಧಿಸೂಚನೆಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡು, ಲಿಂಕ್ಡ್‌ಇನ್ ಅನ್ನು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸಲು ಮಾತ್ರ ಬಳಸುವುದು ಒಳಿತು.